ಗೋಡೆಯಿಂದ ಹೊಮ್ಮುವ ರೇಡಾನ್: ಅಳತೆಯ ಇತಿಹಾಸ

ರೇಡಾನ್ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಜಡಾನಿಲ. ರೇಡಿಯಂನಿಂದ ವಿಕಿರಣಪಟು ಅನಿಲವೊಂದು ಹೊಮ್ಮುವುದನ್ನು ಜರ್ಮನಿಯ ಫ್ರೆಡ್ರಿಕ್ ಡಾರ್ನ್ 1900ರಲ್ಲಿ ತೋರಿಸಿದರು. ಕಲ್ಲು, ಮಣ್ಣು, ಇಟ್ಟಿಗೆ, ಸಿಮೆಂಟುಗಳಲ್ಲಿ ರೇಡಿಯಂ ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅದು ಕ್ಷಯಿಸಿದಾಗ ಹುಟ್ಟುವ ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಕೋಣೆ ಸೇರಲು ಇಷ್ಟು ಕಾಲ ಸಾಕು. ಉಸಿರಿನೊಡನೆ ಒಳಹೋದ ರೇಡಾನ್‌ನ ಬಹುಪಾಲು ಹೊರಬರುತ್ತದೆ. ಆದರೆ ಅದರ ಸಂತತಿಯಾದ ಪೊಲೋನಿಯಂ ಪರಮಾಣುಗಳು ಶ್ವಾಸಕೋಶದಲ್ಲಿ ಉಳಿದು ಆಲ್ಫಾ ಕಣಗಳನ್ನು ಸೂಸುತ್ತವೆ.

ಇದನ್ನು ಬಹುಕಾಲ ಗಣಿಗಳ ಸಮಸ್ಯೆ ಎಂದೇ ಭಾವಿಸಲಾಗಿತ್ತು. ಸ್ವೀಡನ್ನಿನ ಬೆಂಗ್ಟ್ ಹುಲ್ಟ್‌ಕ್ವಿಸ್ಟ್ 225 ಮನೆಗಳ ಗಾಳಿಯನ್ನು ಪರೀಕ್ಷಿಸಿ 1956ರಲ್ಲಿ ವರದಿ ಪ್ರಕಟಿಸಿದರು. ಯುರೇನಿಯಂ ಹೆಚ್ಚಾಗಿರುವ ಆಲಮ್ ಜೇಡುಶಿಲೆಯಿಂದ ತಯಾರಿಸಿದ ಹಗುರ ಕಾಂಕ್ರೀಟಿನ ಮನೆಗಳಲ್ಲಿ ರೇಡಾನ್ ಹೆಚ್ಚಾಗಿತ್ತು. ಈ ಎಚ್ಚರಿಕೆಗೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಆ ಕಾಂಕ್ರೀಟಿನ ತಯಾರಿಕೆ ನಿಂತದ್ದು 1975ರಲ್ಲಿ. ಅಷ್ಟರಲ್ಲಿ ಲಕ್ಷಾಂತರ ಜನ ಅಂಥ ಗೋಡೆಗಳ ನಡುವೆ ವಾಸಿಸುತ್ತಿದ್ದರು.

ಇಂದು ಕಟ್ಟಡ ಸಾಮಗ್ರಿಯನ್ನು ಪರೀಕ್ಷಿಸಲು ಸರಳವಾದ ಡಬ್ಬಿ ವಿಧಾನವಿದೆ. ಒಣಗಿಸಿ ಪುಡಿಮಾಡಿದ ಮಾದರಿಯನ್ನು ಡಬ್ಬಿಯ ತಳದಲ್ಲಿ ಹಾಕಿ, ಮುಚ್ಚಳದ ಒಳಬದಿಗೆ ಎಲ್‌ಆರ್-115 ಎಂಬ ಸೆಲ್ಯುಲೋಸ್ ನೈಟ್ರೇಟ್ ಫಿಲ್ಮ್ ಅಂಟಿಸಿ, ಸುಮಾರು ಮೂರು ತಿಂಗಳು ಭದ್ರವಾಗಿ ಮುಚ್ಚಿಡುತ್ತಾರೆ. ಆಲ್ಫಾ ಕಣಗಳು ಫಿಲ್ಮಿನಲ್ಲಿ ಗಾಯದಂಥ ಜಾಡು ಬಿಡುತ್ತವೆ. 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಈ ಜಾಡುಗಳನ್ನು ಕೊರೆದು ದೊಡ್ಡದು ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಿ, ಸಾಮಗ್ರಿಯಿಂದ ರೇಡಾನ್ ಹೊಮ್ಮುವ ದರವನ್ನು ಲೆಕ್ಕಹಾಕಬಹುದು.

ಗದಗ ಸೀಮೆಗೆ ಈ ಪರೀಕ್ಷೆ ಏಕೆ ಮುಖ್ಯ? ಕಪ್ಪತಗುಡ್ಡ ಧಾರವಾಡ ಶಿಲಾವರ್ಗದ ಪದರಶಿಲೆಯ ಪಟ್ಟಿಗೆ ಸೇರಿದೆ. ಅದರ ಆಚೀಚೆ ನೈಸ್ ಮತ್ತು ಗ್ರಾನೈಟುಗಳಿವೆ. ಸಾಮಾನ್ಯವಾಗಿ ಗ್ರಾನೈಟಿನಲ್ಲಿ ಯುರೇನಿಯಂ ಪ್ರಮಾಣ ಬಸಾಲ್ಟ್ ಮೂಲದ ಶಿಲೆಗಳಲ್ಲಿರುವುದಕ್ಕಿಂತ ಹೆಚ್ಚು. ಆದ್ದರಿಂದ ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಲ್ಲುಗೋಡೆ, ಮುಂಡರಗಿಯ ಮಣ್ಣಿನ ಮಾಳಿಗೆ ಮನೆ, ಗದಗ-ಬೆಟಗೇರಿಯ ಕಾಂಕ್ರೀಟ್ ಮನೆ ಇವೆಲ್ಲಕ್ಕೂ ಒಂದೇ ಅಂಕಿ ಹೊಂದುವುದಿಲ್ಲ. ನೆಲ ಅಗೆದು ಕೂರಿಸಿದ ಕುಣಿಮಗ್ಗದ ಕೋಣೆಯಲ್ಲಿ ಗೋಡೆಯ ಜೊತೆಗೆ ನೆಲದಿಂದ ಬರುವ ರೇಡಾನನ್ನೂ ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಘನ ಮೀಟರಿಗೆ 100 ಬೆಕ್ವೆರೆಲ್. ಇದನ್ನು ಮೀರಿದ ಕೋಣೆಗೆ ಮೊದಲ ಪರಿಹಾರ ಗಾಳಿಯಾಡುವಂತೆ ಮಾಡುವುದು. ಆದರೆ ಮೀರಿದೆಯೇ ಎಂದು ತಿಳಿಯಲು ಕಿಟಕಿ ಮುಚ್ಚಿರುವ ಚಳಿಗಾಲವೂ ಸೇರಿದಂತೆ ಎಲ್ಲ ಋತುಗಳಲ್ಲೂ ಅಳೆಯಬೇಕು. ಸ್ವೀಡನ್ನಿನಲ್ಲಿ ಅಳತೆ ಮೊದಲೇ ಆಗಿತ್ತು, ಕ್ರಮ ಕೈಗೊಳ್ಳಲು ಹತ್ತೊಂಬತ್ತು ವರ್ಷ ಹಿಡಿಯಿತು. ನಮ್ಮಲ್ಲಿ ಮನೆ ಕಟ್ಟುವ ಮೊದಲೇ ಕಲ್ಲು, ಇಟ್ಟಿಗೆಗಳನ್ನು ಡಬ್ಬಿಯಲ್ಲಿಟ್ಟು ನೋಡಲು ಬೇಕಾದದ್ದು ಒಂದು ಫಿಲ್ಮ್ ತುಣುಕು, ಮೂರು ತಿಂಗಳ ತಾಳ್ಮೆ.