ಗಾಲಿಗೆ ಕಡಿವಾಣ

ನಮ್ಮ ಕಾವ್ಯಗಳಲ್ಲಿ ರಥ ಓಡಿದ ವರ್ಣನೆ ಬೇಕಾದಷ್ಟು ಉಂಟು. ಓಡುತ್ತಿದ್ದ ರಥವನ್ನು ನಿಲ್ಲಿಸಿದ ವರ್ಣನೆ ಅಪರೂಪ. ಕರ್ಣನ ರಥ ನಿಂತದ್ದು ನೆಲವು ಗಾಲಿಯನ್ನು ನುಂಗಿದ್ದರಿಂದ. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಿಕ್ಕ ಕಡೆ ಸಾರಥಿ ವಾಘೆಯನ್ನು ಎಳೆದ, ಕುದುರೆಗಳು ನಿಂತವು, ಅಷ್ಟೆ. ಇದು ಕವಿಗಳ ಲೋಪವಲ್ಲ. ಪ್ರಾಣಿ ಎಳೆಯುವ ವಾಹನದಲ್ಲಿ ಓಡಿಸುವ ಶಕ್ತಿಯಂತೆ ನಿಲ್ಲಿಸುವ ಶಕ್ತಿಯೂ ಪ್ರಾಣಿಯಲ್ಲಿಯೇ ಇತ್ತು. ಕಡಿವಾಣ ಇದ್ದದ್ದು ಕುದುರೆಯ ಬಾಯಿಗೆ, ಗಾಲಿಗಲ್ಲ.

ಆದರೆ ಇಳಿಜಾರು ಬಂದಾಗ ಈ ಏರ್ಪಾಡು ಸಾಲದು. ಹೇರು ತುಂಬಿದ ಎತ್ತಿನ ಗಾಡಿ ದಿಣ್ಣೆ ಇಳಿಯುವಾಗ ಗಾಡಿಯ ಭಾರವೆಲ್ಲ ನೊಗದ ಮೂಲಕ ಎತ್ತುಗಳ ಕೊರಳಿನ ಮೇಲೆ ಬೀಳುತ್ತದೆ. ಅದಕ್ಕಾಗಿ ಗಾಲಿಗೆ ಅಡ್ಡಲಾಗಿ ಒಂದು ಮರದ ತುಂಡನ್ನು ಕಟ್ಟಿ, ಹಗ್ಗದಿಂದ ಬಿಗಿದು, ಆ ಮರ ಗಾಲಿಯ ಪಟ್ಟಿಗೆ ಉಜ್ಜುವಂತೆ ಮಾಡುತ್ತಿದ್ದರು. ತೇರಿನಲ್ಲಂತೂ ಎಳೆಯುವವರು ಸಾವಿರ ಜನ, ಒಬ್ಬರ ಕೈಯಲ್ಲೂ ಕಡಿವಾಣವಿಲ್ಲ. ಅಲ್ಲಿ ತೇರನ್ನು ನಿಲ್ಲಿಸುವವರೂ ತಿರುಗಿಸುವವರೂ ಗಾಲಿಯ ಪಕ್ಕದಲ್ಲೇ ನಡೆಯುತ್ತ ಮರದ ದಪ್ಪ ಬೆಣೆಯನ್ನು ಅದರ ಬಾಯಿಗೆ ಕೊಡುವವರು. ಕೆಲವು ಸೀಮೆಗಳಲ್ಲಿ ಇದಕ್ಕೆ ಸನ್ನೆ ಹಾಕುವುದು ಎಂದು ಹೆಸರು. ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಮಾಡತಕ್ಕ ಕೆಲಸ ಅದು. ಗಾಡಿಯ ಅಡ್ಡ ಮರವಾಗಲಿ ತೇರಿನ ಬೆಣೆಯಾಗಲಿ, ಗಾಲಿಯನ್ನು ಉಳಿಸಿ ತಾನು ಸವೆಯುತ್ತದೆ, ಜಜ್ಜಿಹೋಗುತ್ತದೆ. ಸವೆದಾಗ ಯಜಮಾನನೇ ಇನ್ನೊಂದು ತುಂಡನ್ನು ಕಡಿದು ಹಾಕುತ್ತಿದ್ದ. ಮೋಟಾರಿನ ಬ್ರೇಕಿನ ಚರಿತ್ರೆಯೆಲ್ಲ ಈ ಎರಡು ಮಾತುಗಳ ವಿಸ್ತಾರವೆಂದು ನನಗೆ ತೋರುತ್ತದೆ: ಯಾವುದು ಸವೆಯಬೇಕು, ಸವೆದದ್ದನ್ನು ಯಾರು ಬದಲಾಯಿಸಬೇಕು.

ಕನ್ನಡ ಪಂಡಿತನಿಗೆ ಮೋಟಾರಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಾನಿರುವುದು ಪುಟ್ಟೇನಹಳ್ಳಿಯಲ್ಲಿ. ಈ ಹೆಸರು ಹೇಳಿದರೆ ಬೆಂಗಳೂರಿನವರು ದಕ್ಷಿಣದ ಜೆ.ಪಿ. ನಗರದ ಕಡೆಗೆ ಕೈ ತೋರಿಸುತ್ತಾರೆ. ನಾನು ಹೇಳುವುದು ಉತ್ತರದಲ್ಲಿ ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿ. ಇಲ್ಲಿಯ ಕೆರೆಯನ್ನು ಸರ್ಕಾರ ೨೦೧೫ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಕೆರೆಗೆ ಕೊಕ್ಕರೆ ಬರುವಂತೆ ಬಡಾವಣೆಗೆ ಕಾರುಗಳು ಬಂದಿವೆ. ಭಾನುವಾರದ ಬೆಳಿಗ್ಗೆ ಮನೆಯ ಮುಂದೆಯೇ ಗಾಲಿ ಬಿಚ್ಚಿ ಬ್ರೇಕ್ ಪ್ಯಾಡು, ಡಿಸ್ಕು ಬದಲಾಯಿಸುವ ತರುಣರೂ ಇದ್ದಾರೆ. ನನ್ನ ಹಳೆಯ ಶಿಷ್ಯರೇ ಕೆಲವರು. ‘ವ್ಯಾಕರಣ ಬಾರದವನಿಗೆ ಇದು ಹೇಗೆ ಬಂತಯ್ಯ’ ಎಂದು ನಾನು ಕೇಳಿದರೆ, ‘ಇದರಲ್ಲಿ ತಪ್ಪಿದರೆ ಮಾರ್ಕು ಮಾತ್ರ ಹೋಗುವುದಿಲ್ಲ ಸಾರ್, ಅದಕ್ಕೇ ಕಲಿತೆ’ ಎಂದ ಒಬ್ಬ. ಆ ಉತ್ತರವೇ ನನ್ನನ್ನು ಈ ಚರಿತ್ರೆಗೆ ಎಳೆಯಿತು.

ಎಂಜಿನ್ನು ಬಂದಿತು, ಕುದುರೆ ಹೋಯಿತು. ಕುದುರೆಯ ಜೊತೆಗೆ ಕಡಿವಾಣವೂ ಹೋಯಿತು. ೧೮೮೮ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು, ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಮೋಟಾರನ್ನು ಅವನಿಗೆ ಹೇಳದೆಯೇ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಕ್ಕದ್ದು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದು ಹಿಡಿತ ತಪ್ಪತೊಡಗಿತು. ಆಕೆ ದಾರಿಯಲ್ಲಿ ಜೋಡು ಹೊಲಿಯುವವನೊಬ್ಬನ ಬಳಿ ನಿಲ್ಲಿಸಿ ಬ್ರೇಕಿಗೆ ತೊಗಲು ಹೊಡೆಸಿಕೊಂಡು ಮುಂದೆ ನಡೆದಳು. ಲೋಕದ ಮೊದಲ ಬ್ರೇಕ್ ಲೈನಿಂಗ್ ಇದೇ ಎಂದು ಹೇಳುವುದುಂಟು. ಕಾರ್ಖಾನೆಯ ಯಂತ್ರಜ್ಞರಲ್ಲ, ಒಬ್ಬ ಗೃಹಿಣಿಯೂ ಚರ್ಮದ ಕಸಬಿನವನೊಬ್ಬನೂ ರಸ್ತೆಯ ಬದಿಯಲ್ಲಿ ಮಾಡಿದ ಕೆಲಸ ಅದು.

ಮುಂದೆ ಒಂಬತ್ತು ವರ್ಷಕ್ಕೆ, ೧೮೯೭ರಲ್ಲಿ, ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಳಲ್ಲಿ ಕುದುರೆಗಾಡಿಗಳು ಇಳಿಯಲು ಪಡುತ್ತಿದ್ದ ಪಾಡನ್ನು ನೋಡಿ ಹರ್ಬರ್ಟ್ ಫ್ರೂಡ್ ಎಂಬವನು ಬ್ರೇಕಿನ ಲೈನಿಂಗನ್ನೇ ಉದ್ಯಮವಾಗಿ ಮಾಡಿದ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಒಂದು ಅಕ್ಷರ ಸೇರಿಸಿ ‘ಫೆರೋಡೊ’ ಎಂಬ ಪದವನ್ನು ಕಟ್ಟಿದ. ತೊಗಲು, ನೂಲು, ರಾಳ ಇವೆಲ್ಲ ಸ್ವಲ್ಪ ಬಿಸಿಗೇ ಕರಕಲಾಗುವ ವಸ್ತುಗಳು. ೧೯೦೮ರ ಹೊತ್ತಿಗೆ ಅವನು ಕಲ್ನಾರನ್ನು ಹಿಡಿದ. ಕಲ್ನಾರು ಎಂದರೆ ಆಸ್ಬೆಸ್ಟಾಸ್. ಕಲ್ಲೂ ಹೌದು, ನಾರೂ ಹೌದು, ಬೆಂಕಿಗೆ ಬಗ್ಗುವುದಿಲ್ಲ. ನಮ್ಮ ಭಾಷೆಯ ಹೆಸರೇ ಹೆಚ್ಚು ಅರ್ಥವತ್ತಾದದ್ದು.

ಬೆಂಕಿಯ ಮಾತು ಇಲ್ಲಿ ಏಕೆ ಬಂತೆಂಬುದನ್ನು ತಿಳಿಯದಿದ್ದರೆ ಬ್ರೇಕು ತಿಳಿದಂತಾಗುವುದಿಲ್ಲ. ಬ್ರೇಕು ಚಲನೆಯನ್ನು ನಾಶಮಾಡುವುದಿಲ್ಲ. ಉಜ್ಜಿ ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ. ನಮ್ಮ ಊರಿನವರಿಗೆ ನಂದಿಬೆಟ್ಟ ಹತ್ತಿರ. ಸೂರ್ಯೋದಯ ನೋಡಲು ಕತ್ತಲಲ್ಲೇ ಏರಿ, ಬಿಸಿಲೇರುವ ಮೊದಲೇ ಇಳಿದುಬರುತ್ತಾರೆ. ೧,೦೦೦ ಕಿಲೋಗ್ರಾಂ ತೂಕದ ಒಂದು ಕಾರು ೫೦೦ ಮೀಟರ್ ಎತ್ತರವನ್ನು ಇಳಿಯಿತೆನ್ನೋಣ. ಆ ಇಳಿತದ ಶಕ್ತಿಯೆಲ್ಲ ಶಾಖವಾದರೆ ಸುಮಾರು ೧೫ ಲೀಟರ್ ತಣ್ಣೀರು ಕುದಿಯುತ್ತದೆ. ಕಡಿಮೆ ಗೇರಿನಲ್ಲಿ ಇಳಿದರೆ ಎಂಜಿನ್ನು ಬಹುಪಾಲನ್ನು ಹೊರುತ್ತದೆ. ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲು ಉಳಿಸುವ ಜಾಣನಾದರೋ ಸ್ನಾನದ ಹಂಡೆಯ ಕೆಳಗಿನ ಒಲೆಯನ್ನು ಅಂಗೈಯಗಲದ ನಾಲ್ಕು ಕಡೆ ಹಚ್ಚಿಟ್ಟಂತೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಇನ್ನೂ ಕಷ್ಟ. ಅದು ಗಾಳಿಯ ತೇವವನ್ನು ಹೀರಿಕೊಂಡು ಬೇಗ ಕುದಿಯುತ್ತದೆ. ಕುದಿದಾಗ ಏಳುವ ಆವಿ ಒತ್ತಿದರೆ ಕುಗ್ಗುತ್ತದೆ, ಕಾಲಿನ ಕೆಳಗೆ ಪೆಡಲು ಕುಸಿಯುತ್ತದೆ.

ಬ್ರೇಕಿಗೆ ಎರಡು ರೂಪಗಳು ಒಂದೇ ವರ್ಷದಲ್ಲಿ ಹುಟ್ಟಿದವು. ೧೯೦೨ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ: ಗಾಲಿಯೊಡನೆ ತಿರುಗುವ ಡಬ್ಬಿ, ಅದರೊಳಗೆ ಹೊರಕ್ಕೆ ಒತ್ತುವ ಎರಡು ಶೂಗಳು. ಅದೇ ೧೯೦೨ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದ: ಬಯಲಿನಲ್ಲಿ ತಿರುಗುವ ತಟ್ಟೆ, ಅದನ್ನು ಎರಡು ಮಗ್ಗುಲಿಂದಲೂ ಹಿಡಿಯುವ ಚಿಮುಟ. ಲ್ಯಾಂಚೆಸ್ಟರನು ತಟ್ಟೆಗೆ ತಾಗುವ ಭಾಗವನ್ನು ತಾಮ್ರದಿಂದ ಮಾಡಿದ್ದರಿಂದ ಅದರ ಕಿರಿಚಾಟ ಸಹಿಸಲಾಗುತ್ತಿರಲಿಲ್ಲವಂತೆ. ಡ್ರಮ್ಮೇ ಗೆದ್ದಿತು. ಕಾಲಿನ ಒತ್ತಡವನ್ನು ಸರಳುಗಳ ಬದಲು ದ್ರವದ ಮೂಲಕ ನಾಲ್ಕು ಗಾಲಿಗೂ ಸಮನಾಗಿ ಹಂಚುವ ಉಪಾಯವನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಸಾಧಿಸಿದ. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ಬಂದಿತು. ಡಿಸ್ಕಿನ ಅಜ್ಞಾತವಾಸ ಮುಗಿಯಲು ೧೯೫೩ ಬರಬೇಕಾಯಿತು. ಆ ವರ್ಷ ಫ್ರಾನ್ಸಿನ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಗೆದ್ದಿತು. ಡ್ರಮ್ಮಿನೊಳಗೆ ಶಾಖ ಸೆರೆಯಾಗಿ ನಿಲ್ಲುತ್ತದೆ. ಡಿಸ್ಕು ಗಾಳಿಗೆ ಮೈಯೊಡ್ಡಿ ತಿರುಗುತ್ತದೆ. ಗುಟ್ಟು ಇಷ್ಟೆ.

ನಮ್ಮ ನಾಡಿಗೆ ಬಂದದ್ದು ಡ್ರಮ್ಮು. ಮೈಸೂರು ಸರ್ಕಾರ ೧೯೪೮ರ ಸೆಪ್ಟೆಂಬರಿನಲ್ಲಿ ೧೨೦ ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿದ ಕಾಲದಿಂದ ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದವರೆಗೆ ಬ್ರೇಕ್ ಮಾಡಿಸುವುದೆಂದರೆ ಡ್ರಮ್ ಬಿಚ್ಚಿ, ಸವೆದ ಲೈನಿಂಗ್ ಕಿತ್ತು, ಹೊಸ ಪಟ್ಟಿಯನ್ನು ಶೂಗೆ ರಿವೆಟ್ ಹೊಡೆದು ಕೂಡಿಸುವುದು. ಸವೆತ ಹೊರಗೆ ಕಾಣದು, ಬಿಚ್ಚಿದವನಿಗೇ ಗೊತ್ತು. ಹೀಗಾಗಿ ಗಾಡಿಯ ಯಜಮಾನನ ಕೈಯಲ್ಲಿದ್ದ ಕೆಲಸ ವರ್ಕ್‌ಶಾಪಿಗೆ ಹೋಯಿತು. ಹಳ್ಳಿಯ ಬಾಯಲ್ಲಿ ‘ಬಿರೇಕು’ ಎಂಬ ಮಾತು ನೆಲೆಯಾಯಿತು, ಆದರೆ ಬಿರೇಕು ಹೇಗಿರುತ್ತದೆಂದು ಕಂಡವರು ಕಡಿಮೆ.

ಆ ವರ್ಕ್‌ಶಾಪುಗಳ ಹುಡುಗರನ್ನು ಇಲ್ಲಿ ನೆನೆಯಬೇಕು. ಡ್ರಮ್ ಬಿಚ್ಚಿದೊಡನೆ ಒಳಗೆ ಕೂತಿದ್ದ ಬೂದುಬಣ್ಣದ ಪುಡಿಯನ್ನು ಬಾಯಿಂದಲೋ ಕಂಪ್ರೆಸರಿನ ಗಾಳಿಯಿಂದಲೋ ಊದುವುದು ವಾಡಿಕೆ. ಲೈನಿಂಗು ಕಲ್ನಾರಿನದಾಗಿದ್ದರೆ ಆ ಪುಡಿಯಲ್ಲಿ ಕಲ್ನಾರು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನೆಲ್ಲಿ ಕರ್ಶಾ ೧೯೨೪ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಶ್ವಾಸಕೋಶ ಕೆಟ್ಟು ಸತ್ತಾಗ ವೈದ್ಯ ಕುಕ್ ಅವರು ಅದರ ಕಾರಣವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಅಂದರೆ ಜಗತ್ತಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಐರೋಪ್ಯ ಒಕ್ಕೂಟ ಕಲ್ನಾರನ್ನು ಪೂರ್ತಿಯಾಗಿ ನಿಲ್ಲಿಸಿದ್ದು ೨೦೦೫ರಲ್ಲಿ. ನಮ್ಮ ಸುಪ್ರೀಂ ಕೋರ್ಟು ೧೯೯೫ರ ತೀರ್ಪಿನಲ್ಲಿ ಕಲ್ನಾರಿನ ಕೆಲಸಗಾರನ ಆರೋಗ್ಯ ಅವನ ಮೂಲಭೂತ ಹಕ್ಕೆಂದು ಹೇಳಿತು. ಪ್ರಯಾಣಿಕನ ಜೀವ ಉಳಿಸಲೆಂದು ತಂದ ವಸ್ತು ರಿಪೇರಿಯವನ ಉಸಿರನ್ನು ತಿಂದಿತು. ಬ್ರೇಕಿನ ಚರಿತ್ರೆಯಲ್ಲಿ ನನಗೆ ಅತಿ ದುಃಖಕರವಾಗಿ ಕಾಣುವ ಪುಟ ಇದು. ಈಗ ಕಲ್ನಾರಿಲ್ಲದ ಪ್ಯಾಡುಗಳು ದೊರೆಯುತ್ತವೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳುವುದು ಒಳ್ಳೆಯದು. ಯಾವ ಪುಡಿಯಾದರೂ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಯಲಿನಲ್ಲಿ ತಿರುಗುವ ಡಿಸ್ಕು ನಮ್ಮ ಸಾಮಾನ್ಯ ಕಾರುಗಳ ಮುಂದಿನ ಗಾಲಿಗಳಿಗೆ ಬಂದಮೇಲೆ ಕೆಲಸ ಮತ್ತೆ ಮನೆಯಂಗಳಕ್ಕೆ ಬರುವ ದಾರಿ ತೆರೆಯಿತು. ಗಾಲಿ ತೆಗೆದರೆ ಸಾಕು, ಸವೆತ ಕಣ್ಣಿಗೆ ಕಾಣುತ್ತದೆ. ಹೊಸ ಪ್ಯಾಡಿನ ಉಜ್ಜುವ ಭಾಗ ಹತ್ತು ಮಿಲಿಮೀಟರಿನ ಆಸುಪಾಸು. ಮೂರಕ್ಕೆ ಇಳಿದರೆ ಬದಲಾಯಿಸಬೇಕು. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳ್ಳಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಎಡಬಲ ಎರಡನ್ನೂ ಒಟ್ಟಿಗೆ ತೆಗೆಯತಕ್ಕದ್ದು. ಒಂದೇ ಕಡೆ ಹೊಸದಾದರೆ ಕಾರು ಒಂದು ಮಗ್ಗುಲಿಗೆ ಎಳೆಯುತ್ತದೆ.

ಮುಂದಿನ ಗಾಲಿಯ ಕ್ರಮ ಹೀಗೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡುವುದು; ತೇರಿನ ಬೆಣೆ ಇಲ್ಲಿಯೂ ತಪ್ಪಲಿಲ್ಲ ನೋಡಿ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಿ ಆಮೇಲೆ ಜಾಕ್ ಏರಿಸಬೇಕು. ಜಾಕೊಂದನ್ನೇ ನಂಬಿ ಕಾರಿನ ಕೆಳಗೆ ಕೈ ಚಾಚಬಾರದು, ಸ್ಟ್ಯಾಂಡ್ ಇಡಲೇಬೇಕು. ಕ್ಯಾಲಿಪರನ್ನು ಬಿಚ್ಚಿದಮೇಲೆ ರಬ್ಬರಿನ ಕೊಳವೆಯಲ್ಲಿ ಜೋತಾಡಲು ಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಒಳಗಿನ ಪ್ಯಾಡು ಸವೆದು ಹೊರಗಿನದು ಹಾಗೆಯೇ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನು ಬಿಗಿದಿದೆ ಎಂದು ಅರ್ಥ. ಅದನ್ನು ಸರಿಪಡಿಸದೆ ಹೊಸ ಪ್ಯಾಡು ಹಾಕಿದರೆ ಅದರ ಗತಿಯೂ ಅಷ್ಟೆ. ಡಿಸ್ಕು ತುಕ್ಕಿನಿಂದ ಕಚ್ಚಿಕೊಂಡಿರುವುದುಂಟು. ಮೆಲ್ಲನೆ ತಟ್ಟಿ ಬಿಡಿಸಿ, ಹಿಂದಿನ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಅದನ್ನು ತೊಳೆಯದೆ ಹಾಕಿದರೆ ಬ್ರೇಕಿಗೆ ಎಣ್ಣೆಸ್ನಾನ ಮಾಡಿಸಿದಂತೆ. ಪಿಸ್ಟನ್ನನ್ನು ನಿಧಾನವಾಗಿ ಒಳಕ್ಕೆ ಒತ್ತುವಾಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ. ಉಕ್ಕಿ ಚೆಲ್ಲಿದರೆ ಕಾರಿನ ಬಣ್ಣವನ್ನು ತಿನ್ನುತ್ತದೆ.

ಎಲ್ಲವನ್ನೂ ಜೋಡಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದಮೇಲೆ ಒಂದು ಕೆಲಸ ಉಳಿದಿರುತ್ತದೆ. ಪ್ರಾಣಾಪಾಯವಿರುವುದು ಅದರ ಮರೆವಿನಲ್ಲಿ. ಒಳಕ್ಕೆ ತಳ್ಳಿದ ಪಿಸ್ಟನ್ನು ಇನ್ನೂ ಪ್ಯಾಡಿನಿಂದ ದೂರದಲ್ಲಿದೆ. ಮೊದಲ ಸಲ ತುಳಿದರೆ ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಕಾರು ಒಂದು ಅಂಗುಲವೂ ಕದಲುವ ಮೊದಲು ಪೆಡಲನ್ನು ಮತ್ತೆ ಮತ್ತೆ ತುಳಿದು, ಅದು ಕಾಲಿಗೆ ಗಟ್ಟಿಯಾಗುವಂತೆ ಮಾಡಿಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರು ಮೃದುವಾಗಿ ಬ್ರೇಕ್ ಹಿಡಿದು ಪ್ಯಾಡು ಡಿಸ್ಕುಗಳು ಹೊಂದಿಕೊಳ್ಳಲು ಬಿಡಬೇಕು. ಹೊಸ ಪ್ಯಾಡಿನೊಡನೆ ಅಂದೇ ನಂದಿಗೆ ಹೊರಡುವುದು ಬೇಡ.

ಮನೆಯ ಈ ಸ್ವಾತಂತ್ರ್ಯಕ್ಕೂ ಎಲ್ಲೆ ಬೀಳುತ್ತಿದೆ. ೨೦೧೯ರ ಏಪ್ರಿಲಿನಿಂದ ನಮ್ಮಲ್ಲಿ ಮಾರುವ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಯಿತು, ಅದರಿಂದ ಪ್ಯಾಡು ಬದಲಾಯಿಸುವುದೇನೂ ಕಷ್ಟವಾಗಲಿಲ್ಲ. ಆದರೆ ಗುಂಡಿಯೊತ್ತುವ ಹ್ಯಾಂಡ್ ಬ್ರೇಕಿರುವ ಹಲವು ಕಾರುಗಳ ಹಿಂದಿನ ಪಿಸ್ಟನ್ನನ್ನು ಯಂತ್ರದ ಅಪ್ಪಣೆಯಿಲ್ಲದೆ ಹಿಂದೆಗೆಯಲಾಗದು. ಅಂಥವನ್ನು ವರ್ಕ್‌ಶಾಪಿಗೆ ಒಯ್ಯುವುದೇ ವಿವೇಕ.

ನಮ್ಮೂರಿನ ನೆರೆಯಲ್ಲೇ, ಯಲಹಂಕದಲ್ಲಿ, ೧೯೮೪ರಿಂದ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ನಡೆಯುತ್ತಿದೆ. ಹಳೆಯ ಮಾದರಿಯ ರೈಲಿನಲ್ಲಿ ಬ್ರೇಕಿನ ಕಟ್ಟೆ ಒತ್ತುವುದು ಗಾಲಿಯ ಅಂಚಿಗೇ, ನಮ್ಮ ಎತ್ತಿನ ಗಾಡಿಯಂತೆ, ಹೊಸ ಎಲ್.ಎಚ್.ಬಿ. ಬೋಗಿಗಳಿಗೆ ಅಚ್ಚಿನ ಮೇಲೆ ಡಿಸ್ಕುಗಳಿವೆ. ಸವೆದು ಬಂದ ರೈಲುಗಾಲಿಗಳನ್ನು ಈ ಕಾರ್ಖಾನೆಯಲ್ಲಿ ಕರಗಿಸಿ ಮತ್ತೆ ಗಾಲಿಯಾಗಿ ಎರಕ ಹೊಯ್ಯುತ್ತಾರೆ. ಕಾರಿನ ಹಳೆಯ ಡಿಸ್ಕು ಎರಕದ ಕಬ್ಬಿಣ. ಗುಜರಿಯವನು ತೂಗಿ ಕೊಂಡುಹೋಗುತ್ತಾನೆ. ಸವೆದ ಪ್ಯಾಡನ್ನು ಮಾತ್ರ ಯಾರೂ ಕೇಳುವುದಿಲ್ಲ; ಅದರ ಬಹುಪಾಲು ಆಗಲೇ ಪುಡಿಯಾಗಿ ಬಳ್ಳಾರಿ ರಸ್ತೆಯ ಉದ್ದಕ್ಕೂ ಬಿದ್ದಿರುತ್ತದೆ.