ಆಲ್ಟೆನಾ ದುರ್ಗದ ಪಥಿಕಾಶ್ರಯ

ಪಥಿಕನು ತನಗೊಪ್ಪುವ ತಂಗುದಾಣವನ್ನರಸುವಾಗ ಬಾಡಿಗೆಯನ್ನೂ ಹಾಸಿಗೆಯನ್ನೂ ವಿಚಾರಿಸುವುದು ಸಹಜವೇ. ಆದರೆ ಹಾಸ್ಟೆಲ್ ಎಂಬ ಆಲಯವು ಮೊದಲು ಯಾರಿಗಾಗಿ ಹುಟ್ಟಿತೆಂಬುದನ್ನು ಬಲ್ಲವನಿಗೆ ಆ ಆಯ್ಕೆಯು ಇನ್ನಷ್ಟು ಸುಗಮವಾಗುವುದೆಂದು ನನ್ನ ನಂಬುಗೆ.

1909ರ ಆಗಸ್ಟ್ ಮಾಸದಲ್ಲಿ, ಜರ್ಮನಿಯ ಆಲ್ಟೆನಾ ಪಟ್ಟಣದ ಉಪಾಧ್ಯಾಯ ರಿಚರ್ಡ್ ಶಿರ್ಮನ್ ತನ್ನ ವಿದ್ಯಾರ್ಥಿಗಳೊಡನೆ ಕಾಲ್ನಡೆಯ ಪ್ರವಾಸದಲ್ಲಿದ್ದಾಗ, ಗುಡುಗುಮಳೆಗೆ ಸಿಲುಕಿ, ರಜೆಯ ನಿಮಿತ್ತ ಬರಿದಾಗಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹರಡಿ ಮಕ್ಕಳನ್ನು ಮಲಗಿಸಿ, ತಾನು ನಿದ್ದೆಯಿಲ್ಲದೆ ಕಳೆದ ಆ ಇರುಳಿನಲ್ಲಿ, ಒಂದು ದಿನದ ನಡಿಗೆಗೊಂದರಂತೆ ನಾಡಿನಲ್ಲೆಲ್ಲ ಇಂಥ ಆಶ್ರಯಗಳಿರಬೇಕೆಂಬ ಸಂಕಲ್ಪವು ಅವನ ಮನದಲ್ಲಿ ಮೊಳೆಯಿತು. ಮೊದಲಿಗೆ ಅವನು ತೆರೆದಿತ್ತದ್ದು ತನ್ನ ಶಾಲೆಯ ಕೊಠಡಿಗಳನ್ನೇ. ತರುವಾಯ, ಜೀರ್ಣೋದ್ಧಾರಗೊಂಡ ಆಲ್ಟೆನಾ ದುರ್ಗದಲ್ಲಿ ಶಾಶ್ವತ ನಿಲಯವೊಂದು ನೆಲೆಗೊಂಡಿತು. ಒಂದರ ಮೇಲೊಂದರಂತೆ ಅಂತಸ್ತುಗಳುಳ್ಳ ಅಲ್ಲಿನ ಬಲಿಷ್ಠವಾದ ಮರದ ಮಂಚಗಳನ್ನು ಇಂದಿಗೂ ಜತನದಿಂದ ಕಾಪಾಡಿಕೊಂಡು ಬಂದಿರುವರು.

ಆ ಮಂಚಗಳಲ್ಲಿಯೇ ಹಾಸ್ಟೆಲ್ಲಿನ ಸ್ವಭಾವವೆಲ್ಲ ಅಡಗಿದೆ: ಅಪರಿಚಿತರೊಡನೆ ಒಂದೇ ಕೋಣೆ, ಸರಳವಾದ ಊಟ, ತನ್ನ ಕೆಲಸಕ್ಕೆ ತನ್ನದೇ ಕೈ. ಏಕಾಂತವನ್ನು ಬಯಸುವವನಿಗೆ ಇದು ಸಲ್ಲದು. ಸಹವಾಸಪ್ರಿಯನೂ ಅಲ್ಪವ್ಯಯಿಯೂ ಆದ ತರುಣನಿಗೆ ಇದಕ್ಕಿಂತ ಹಿತವಾದುದನ್ನು ನಾನರಿಯೆ.

ಶಿರ್ಮನ್ನನ ಸಂಕಲ್ಪವು ಜರ್ಮನಿಯಾಚೆಗೂ ಹಬ್ಬಿ, 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಲವು ದೇಶಗಳ ಹಾಸ್ಟೆಲ್ ಸಂಘಗಳು ಕೂಡಿ ಅಂತಾರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಮರುವರ್ಷವೇ ಜರ್ಮನಿಯ ನಿಲಯಗಳು ಹಿಟ್ಲರನ ಯುವದಳದ ವಶವಾದವು. ಮಳೆಗೆ ನೆನೆದ ಮಕ್ಕಳಿಗಾಗಿ ತೆರೆದ ಬಾಗಿಲುಗಳಿಗೆ ಹೀಗಾದುದನ್ನು ನೆನೆದಾಗ ಇಂದಿಗೂ ಮನಸ್ಸು ನೋಯುತ್ತದೆ.