ಹಚ್ಚೆ ಹಾಕಿದ ಕೈಗಳ ಕಥೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ವಯಸ್ಸಾದ ಹೆಣ್ಣುಮಕ್ಕಳ ಮುಂಗೈ ನೋಡಿ. ಬಳೆಗಳ ಹಿಂದೆ ಹಸಿರು ಚುಕ್ಕಿಗಳು, ಒಂದು ಚೇಳು, ಒಂದು ತುಳಸಿಕಟ್ಟೆ ಕಂಡೀತು. ಹಾವೇರಿ, ರಾಣೆಬೆನ್ನೂರಿನ ಸಂತೆಗಳಲ್ಲಿಯೂ ಇಂಥ ಕೈಗಳನ್ನು ನಾವು ನೋಡುತ್ತಲೇ ಬಂದಿದ್ದೇವೆ. ಆ ಹಚ್ಚೆ ಹಾಕಿದವರು ಯಾರು, ಅವರ ಗತಿ ಏನಾಯಿತು ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ಸೀಮೆಯಲ್ಲಿ ಹಚ್ಚೆ ಬಹುಮಟ್ಟಿಗೆ ಕೊರವರ ಹೆಂಗಸರ ಕಸುಬು. ಅವರು ಬುಟ್ಟಿ ಮಾರುತ್ತ, ಕಣಿ ಹೇಳುತ್ತ ಊರೂರು ತಿರುಗುತ್ತಿದ್ದರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಸಿನ ಹಚ್ಚುತ್ತಿದ್ದರು. ನೋವು ಮರೆಸಲು ಹಾಡು ಹೇಳುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿಯೂ ಕೊರವರ ಈ ಕಸುಬು ದಾಖಲಾಗಿದೆ. ಸತ್ತಾಗ ಬಂಗಾರ ಮೈಮೇಲೆ ಉಳಿಯದು, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬುದು ಹಾಕಿಸಿಕೊಂಡವರ ನಂಬಿಕೆ.

ಹಚ್ಚೆಗೆ ಇಸ್ಲಾಮಿನಲ್ಲಿ ಸಮ್ಮತಿಯಿಲ್ಲ. ನಮ್ಮ ಮನೆಗಳಲ್ಲಿ ಈದಿಗೆ, ಮದುವೆಗೆ ಮೆಹಂದಿ. ಅದರ ಬಣ್ಣ ಚರ್ಮದ ಮೇಲಿನ ಸತ್ತ ಪದರಕ್ಕೆ ಹಿಡಿಯುತ್ತದೆ. ಆ ಪದರ ಉದುರಿದಂತೆ ಎರಡು ಮೂರು ವಾರದಲ್ಲಿ ಮಾಸುತ್ತದೆ. ಹಚ್ಚೆಯ ಸೂಜಿಯಾದರೋ ಒಂದೆರಡು ಮಿಲಿಮೀಟರ್ ಕೆಳಗೆ, ಒಳಚರ್ಮಕ್ಕೆ ಇಳಿಯುತ್ತದೆ. ಒಳಬಂದ ಮಸಿಯನ್ನು ದೇಹದ ಕಾವಲು ಜೀವಕೋಶಗಳು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವು ಸತ್ತಾಗ ಉಳಿದ ಮಸಿಯನ್ನು ಹೊಸ ಜೀವಕೋಶಗಳು ಎತ್ತಿಕೊಳ್ಳುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಕಂಡುಕೊಂಡರು. ಕಪ್ಪು ಕಾಡಿಗೆ ಹಸಿರಾಗಿ, ನೀಲಿಯಾಗಿ ಕಾಣುವುದು ಚರ್ಮದೊಳಗೆ ಬೆಳಕು ಚದುರುವುದರಿಂದ.

ಅಳಿಸಲಾಗದ ಈ ಗುರುತನ್ನು ಆಳುವವರೂ ಬಳಸಿಕೊಂಡರು. ಬಂಗಾಳದಲ್ಲಿ ಕಂಪನಿ ಸರಕಾರ 1797ರ ನಿಯಮದಂತೆ ಕೈದಿಗಳ ಹಣೆಯ ಮೇಲೆ ಅಪರಾಧವನ್ನೇ ಹಚ್ಚೆಯಾಗಿ ಬರೆಸಿತು. 1849ರಲ್ಲಿ ಆ ಶಿಕ್ಷೆ ರದ್ದಾಯಿತು. ಆದರೆ ಹಣೆಪಟ್ಟಿ ಕಟ್ಟುವ ಬುದ್ಧಿ ಹೋಗಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಕಳ್ಳರೆಂದಿತು. 1911ರ ಕಾಯ್ದೆ ಅದನ್ನು ಮುಂಬಯಿ ಪ್ರಾಂತಕ್ಕೂ ತಂದಿತು. ನಮ್ಮ ಮೂರೂ ಊರುಗಳು ಆಗ ಆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಕೊರವರ ಪಂಗಡಗಳು ಪಟ್ಟಿಗೆ ಸೇರಿದವು. ವಿಜಾಪುರ ಕಡೆಯ ಮುಸ್ಲಿಮರಾದ ಛಪ್ಪರಬಂದರೂ ಸೇರಿದರು. ಬೆರಳಚ್ಚು, ಪೊಲೀಸ್ ಹಾಜರಿ, ಊರು ಬಿಡಲು ಪರವಾನಗಿ. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು. ತಿರುಗಿದರಷ್ಟೇ ನಡೆಯುವ ಕಸುಬಿನವರಿಗೆ ತಿರುಗುವುದೇ ಗುನ್ಹೆಯಾಯಿತು. ಇನ್ನೊಬ್ಬರ ತೋಳಿನ ಮೇಲೆ ಚಿತ್ತಾರ ಬರೆದ ಜನರ ಬೆರಳುಗಳು ಪೊಲೀಸರ ಮಸಿಯಲ್ಲಿ ಅದ್ದಿದವು.

ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶದಲ್ಲೆಲ್ಲ 1952ರಲ್ಲಿ ಆ ಕಾನೂನು ಹೋಯಿತು. ಸಂಶಯ ಹೋಗಿದೆಯೇ? ಊರಲ್ಲಿ ಕಳವಾದರೆ ಮೊದಲು ಯಾರ ಗುಡಿಸಲ ಕಡೆ ಕೈ ತೋರಿಸುತ್ತೇವೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ಹಾಗೆ ಹೆಸರು ಕೆಟ್ಟವರ ಸಂಕಟ ಇಂದಿನ ಮುಸ್ಲಿಮರಿಗೆ ಅರ್ಥವಾಗದ್ದೇನಲ್ಲ.

ಪೇಟೆಯಲ್ಲೀಗ ವಿದ್ಯುತ್ ಯಂತ್ರದ ಟ್ಯಾಟೂ ಬಂದಿದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಕಾಮಾಲೆಯ ಹೆಪಟೈಟಿಸ್, ಎಚ್‌ಐವಿ ಹರಡಬಹುದೆಂಬ ಅರಿವೂ ಬಂದಿದೆ, ಒಳ್ಳೆಯದೇ. ಆದರೆ ಯಂತ್ರ ಹಿಡಿದವನನ್ನು ಕಲಾವಿದನೆನ್ನುವ ನಾವು, ಸೂಜಿ ಹಿಡಿದ ಕೊರವರ ಅಜ್ಜಿಯನ್ನು ಹಾಗೆ ಕರೆದಿದ್ದೇವೆಯೇ? ಅವಳ ಬರಹ ಕಾಗದದಲ್ಲಿಲ್ಲ. ಹಾಕಿಸಿಕೊಂಡವರ ಜೊತೆಗೇ ಅದು ಮಣ್ಣಾಗುತ್ತಿದೆ. ನಮ್ಮ ಕಾಲೇಜು ಹುಡುಗ ಹುಡುಗಿಯರು ಆ ಚಿತ್ತಾರಗಳ ಹೆಸರನ್ನೂ ಆ ಹಾಡುಗಳನ್ನೂ ಈಗಲೇ ಬರೆದಿಟ್ಟುಕೊಳ್ಳಬೇಕು, ಹಾಡಿದವರ ಹೆಸರಿನ ಸಮೇತ.